ಕರಡಿಯ ಬಾಯಲ್ಲಿ ಗಡ್ಡೆ ಕಂಡರೆ: ಪತ್ತೆಯಿಂದ ಚಿಕಿತ್ಸೆಯವರೆಗೆ

ಮೃಗಾಲಯದ ಕರಡಿಯ ಬಾಯಲ್ಲಿ ಗಡ್ಡೆ ಬೆಳೆದಾಗ ಅದಕ್ಕೆ ಮೊದಲು ಬೀಳುವ ಹೆಸರು ‘ಹಲ್ಲುನೋವು’. ಜೊಲ್ಲು ಸುರಿಯುತ್ತಿರುತ್ತದೆ, ಬಾಯಿ ನಾರುತ್ತದೆ, ಗಟ್ಟಿ ಆಹಾರ ಬಿಟ್ಟು ಗಂಜಿ ಮಾತ್ರ ಇಳಿಯುತ್ತದೆ. ಐದು ದಿನ ಆ್ಯಂಟಿಬಯಾಟಿಕ್ ಕೊಟ್ಟರೆ ವಾಸನೆ ತಗ್ಗುತ್ತದೆ, ಎಲ್ಲರಿಗೂ ಸಮಾಧಾನ. ಮೂರು ವಾರ ಕಳೆದರೆ ಮತ್ತೆ ಅದೇ ಪಾಡು, ಮತ್ತೊಂದು ಕೋರ್ಸ್. ಗಡ್ಡೆಯ ಮೇಲ್ಪದರ ಕೊಳೆತು ಸೋಂಕಾಗಿರುತ್ತದೆ. ಔಷಧಕ್ಕೆ ಬಗ್ಗುವುದು ಆ ಸೋಂಕು ಮಾತ್ರ, ಅಡಿಯಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಹೀಗೆ ಕಳೆದ ಮೂರ್ನಾಲ್ಕು ತಿಂಗಳಲ್ಲಿ ಎರಡು ಸೆಂ.ಮೀ. ಇದ್ದದ್ದು ಐದಾಗಿ ದವಡೆಯ ಮೂಳೆಗೆ ಇಳಿದರೆ, ಕತ್ತರಿಸಿ ತೆಗೆಯುವ ಅವಕಾಶವೂ ಕೈತಪ್ಪುತ್ತದೆ.

ಆದ್ದರಿಂದ ನಿಯಮ ಒಂದೇ. ಬಾಯೊಳಗಿನ ಊತ ಅಥವಾ ಹುಣ್ಣು ಎರಡು ವಾರದಲ್ಲಿ ಪೂರ್ತಿ ಮಾಯದಿದ್ದರೆ ಎರಡನೇ ಆ್ಯಂಟಿಬಯಾಟಿಕ್ ಕೋರ್ಸ್ ಬರೆಯಬೇಡಿ, ಅರಿವಳಿಕೆಗೆ ದಿನ ಗೊತ್ತುಮಾಡಿ. ಆ ಒಂದು ಅರಿವಳಿಕೆಯಲ್ಲೇ ಬೇಕಾದ ಎಲ್ಲ ಪರೀಕ್ಷೆಗಳೂ ಮುಗಿಯಬೇಕು. ಗಡ್ಡೆಯ ಜಾತಿ ತಿಳಿಯುವ ಮುನ್ನ ಅದನ್ನು ಕಿತ್ತು ಹಾಕುವ ಆತುರವಂತೂ ಬೇಡವೇ ಬೇಡ.

ಇಲ್ಲಿ ಹೇಳಿರುವುದು ಹೆಚ್ಚಾಗಿ ನಮ್ಮ ಕಡೆಯ ಕಪ್ಪು ಕರಡಿಯನ್ನು, ಅಂದರೆ ಜೋಗಿಮಟ್ಟಿ, ದರೋಜಿ ಕಾಡುಗಳ ಗೆದ್ದಲು ತಿನ್ನುವ ಕರಡಿಯನ್ನು (ಸ್ಲಾತ್ ಬೇರ್) ಮನಸ್ಸಿನಲ್ಲಿಟ್ಟುಕೊಂಡು. ಹಿಮಾಲಯದ ಕರಡಿಗೂ ಕ್ರಮ ಇದೇ. ಚಿತ್ರದುರ್ಗದ ಆಡುಮಲ್ಲೇಶ್ವರ, ದಾವಣಗೆರೆ ಪಕ್ಕದ ಆನಗೋಡಿನಂಥ ಚಿಕ್ಕ ಮೃಗಾಲಯಗಳಲ್ಲಿ ಸಿ.ಟಿ. ಸ್ಕ್ಯಾನ್ ಇರುವುದಿಲ್ಲ ಎಂಬುದನ್ನು ಗಣನೆಗೆ ತೆಗೆದುಕೊಂಡೇ ಬರೆದಿದೆ. ಔಷಧದ ಪ್ರಮಾಣಗಳೆಲ್ಲ ಪಶುವೈದ್ಯರಿಗೆ. ಪ್ರಾಣಿಯ ವಯಸ್ಸು, ಮೈಕಟ್ಟು ನೋಡಿ ಅವರೇ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು.

ಪಾಲಕರ ಕಣ್ಣಿಗೆ ಮೊದಲು ಬೀಳುವುದು

ವೈದ್ಯರು ವಾರಕ್ಕೊಮ್ಮೆ ಬರಬಹುದು, ಪಾಲಕರು ದಿನಕ್ಕೆರಡು ಸಲ ಊಟ ಇಡುತ್ತಾರೆ. ಹಾಗಾಗಿ ಬಾಯಿಯ ಕಾಯಿಲೆ ಮೊದಲು ಗೊತ್ತಾಗುವುದು ಊಟದ ತಟ್ಟೆಯಲ್ಲಿ. ಕಲ್ಲಂಗಡಿ ತಿರುಳು ತಿಂದು ಕ್ಯಾರೆಟ್ ಬಿಡುವುದು, ತಲೆ ಓರೆ ಮಾಡಿ ಒಂದೇ ಬದಿಯಲ್ಲಿ ಅಗಿಯುವುದು, ಬಾಯಿಗೆ ಹಾಕಿದ್ದನ್ನು ಕೆಳಕ್ಕೆ ಬೀಳಿಸುವುದು, ಮುಂಗಾಲಿನಿಂದ ಮೂತಿ ಉಜ್ಜುವುದು, ಜೊಲ್ಲಿನಲ್ಲಿ ರಕ್ತದ ಎಳೆ. ಒಂದೇ ಹೊಳ್ಳೆಯಿಂದ ಸಿಂಬಳವೋ ರಕ್ತವೋ ಬರುತ್ತಿದ್ದರೆ ಮೇಲ್ದವಡೆಯ ಗಡ್ಡೆ ಮೂಗಿನೊಳಕ್ಕೆ ತೂರಿರಬಹುದು. ಒಂದು ಕಣ್ಣು ಮುಂದಕ್ಕೆ ಉಬ್ಬಿದ್ದರೂ ಅದೇ ಗುಮಾನಿ.

ನಮ್ಮ ಕರಡಿಗೆ ಇನ್ನೊಂದು ವಿಶೇಷ ಲಕ್ಷಣವಿದೆ. ಇದು ತುಟಿಗಳನ್ನು ಕೊಳವೆಯಂತೆ ಚಾಚಿ ಸೊರ್‌ರೆಂದು ಆಹಾರ ಹೀರುವ ಪ್ರಾಣಿ. ಮರದ ತೂತಿನಲ್ಲಿಟ್ಟ ಜೇನನ್ನು ಹೀರಲು ಹೋಗಿ ಅರ್ಧಕ್ಕೆ ಬಿಟ್ಟರೆ, ಹೀರುವ ಸದ್ದು ಬದಲಾಗಿದ್ದರೆ, ತುಟಿ ಅಥವಾ ಮುಂಭಾಗದ ವಸಡಿನಲ್ಲಿ ಏನೋ ಇದೆ ಎಂದೇ ಲೆಕ್ಕ. ಈ ಸದ್ದಿನ ವ್ಯತ್ಯಾಸ ಪಾಲಕರಿಗೆ ಗೊತ್ತಾದಷ್ಟು ಬೇಗ ಇನ್ಯಾರಿಗೂ ಗೊತ್ತಾಗದು. ಅವರು ಹೇಳಿದರೆ ಆ ಮಾತನ್ನು ಅಂದೇ ದಿನಚರಿ ಪುಸ್ತಕದಲ್ಲಿ ಬರೆಸಿ.

ಆರೋಗ್ಯವಾಗಿರುವಾಗಲೇ ‘ಬಾಯಿ’ ಎಂದರೆ ಬಾಯಿ ತೆರೆಯುವ ಅಭ್ಯಾಸ ಮಾಡಿಸಿ. ಸರಳಿನ ಈಚೆ ನಿಂತು, ಉದ್ದನೆಯ ಮರದ ಸೌಟಿಗೆ ಜೇನು ಸವರಿ ಕರಡಿಯ ಮೂಗಿಗಿಂತ ಮೇಲೆ ಹಿಡಿಯಿರಿ. ಬಾಯಿ ತೆರೆದ ಕ್ಷಣ ಸೀಟಿ ಊದಿ, ಜೇನು ಕೊಡಿ. ದಿನಕ್ಕೆ ಐದು ನಿಮಿಷ ಸಾಕು. ಎರಡು ಸೆಕೆಂಡ್ ತೆರೆದಿಟ್ಟರೆ ಮೊಬೈಲಿನಲ್ಲಿ ಫೋಟೊ ಸಿಗುತ್ತದೆ. ಕೈ ಮಾತ್ರ ಯಾವ ಕಾರಣಕ್ಕೂ ಸರಳಿನೊಳಗೆ ಹೋಗಬಾರದು. ಕೈಯಿಂದ ಬೆಳೆದ ಕರಡಿಯಾದರೂ ನೋವಿರುವಾಗ ಕಚ್ಚುತ್ತದೆ.

ಫೋಟೊ ನೋಡುವವರಿಗೊಂದು ಎಚ್ಚರಿಕೆ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇರುವುದೇ ಇಲ್ಲ. ಮೇಲೆ ನಾಲ್ಕು, ಕೆಳಗೆ ಆರು ಬಾಚಿಹಲ್ಲು, ಒಟ್ಟು 40 ಹಲ್ಲು. ಆ ಖಾಲಿ ಜಾಗ ಗೆದ್ದಲು ಹೀರಲೆಂದೇ ಇರುವುದು, ಹಲ್ಲು ಉದುರಿದ್ದಲ್ಲ. ವಸಡಿನ ಕಪ್ಪು ಮಚ್ಚೆಯೂ ಹುಟ್ಟಿನಿಂದ ಬಂದದ್ದಿರಬಹುದು. ಕಪ್ಪಾಗಿದೆ ಎಂದಾಕ್ಷಣ ಮೆಲನೋಮ (ಬಣ್ಣದ ಕೋಶಗಳ ಕ್ಯಾನ್ಸರ್) ಎನ್ನಬೇಡಿ, ಕಪ್ಪಿಲ್ಲ ಎಂದಾಕ್ಷಣ ಅದನ್ನು ಕೈಬಿಡಲೂ ಬೇಡಿ. ಬಣ್ಣವಿಲ್ಲದ ಮೆಲನೋಮವೂ ಉಂಟು.

ಗಡ್ಡೆಯಂತೆ ಕಾಣುವ ಬೇರೆ ಕಾಯಿಲೆಗಳು

ಮೊದಲಿಗೆ ರೇಬೀಸ್. ಜೊಲ್ಲು ಸುರಿಸುತ್ತ ದವಡೆ ಜೋತುಬಿದ್ದ ಕರಡಿಯ ಬಾಯಿಗೆ ಟಾರ್ಚ್ ಹಿಡಿದು ಇಣುಕುವ ಮುನ್ನ, ಆವರಣಕ್ಕೆ ನಾಯಿ, ನರಿ, ಮುಂಗುಸಿ ನುಗ್ಗಿತ್ತೇ, ಕರಡಿಯನ್ನು ಇತ್ತೀಚೆಗೆ ಕಾಡಿನಿಂದ ಹಿಡಿದು ತಂದದ್ದೇ, ನಡಿಗೆಯೂ ನಡವಳಿಕೆಯೂ ಬದಲಾಗಿವೆಯೇ ಎಂದು ಕೇಳಿ. ಅನುಮಾನವಿದ್ದರೆ ಬಾಯಿ ಪರೀಕ್ಷೆ ಅಲ್ಲಿಗೇ ನಿಲ್ಲಲಿ. ಕರಡಿಯ ಬಳಿ ಕೆಲಸ ಮಾಡುವ ಎಲ್ಲರಿಗೂ ಮುಂಜಾಗ್ರತೆಯ ರೇಬೀಸ್ ಲಸಿಕೆ ಆಗಿರಲೇಬೇಕು.

ಎರಡನೆಯದು ಕ್ಷಯ. ಸೆರೆಯಲ್ಲಿರುವ ಕರಡಿಗಳಿಗೆ, ಅದರಲ್ಲೂ ಹಿಂದೆ ಕುಣಿಸುತ್ತಿದ್ದವರಿಂದ ಬಿಡಿಸಿ ತಂದವುಗಳಿಗೆ, ಮನುಷ್ಯರಿಂದ ಕ್ಷಯ ತಗಲಿರುವುದುಂಟು. ಬಾಯಿಯ ಮಾಯದ ಹುಣ್ಣಿನ ಹಿಂದೆ ಅದೂ ಇರಬಹುದು. ಪರೀಕ್ಷೆಯ ದಿನ ಬಾಯಿಯ ಹತ್ತಿರ ಇರುವವರೆಲ್ಲ ಎನ್-95 ಮಾಸ್ಕ್ ಹಾಕಿರಲಿ. ಆ ಕುಣಿಸುವ ಕರಡಿಗಳ ಕೋರೆಹಲ್ಲನ್ನು ಚಿಕ್ಕಂದಿನಲ್ಲೇ ಮುರಿದೋ ಕಿತ್ತೋ ಇರುತ್ತಿದ್ದರು. ವಸಡಿನೊಳಗೆ ಉಳಿದ ಬೇರು ವರ್ಷಾನುಗಟ್ಟಲೆ ಕೀವು ಕಟ್ಟಿಕೊಂಡು ಥೇಟ್ ಗಡ್ಡೆಯಂತೆ ಊದಿರುತ್ತದೆ.

ಇನ್ನೊಂದು ಸಿಕ್ಕಿಕೊಂಡ ವಸ್ತು. ಕರಡಿಯ ಅಂಗುಳ ಉದ್ದ, ಒಳಕ್ಕೆ ಗುಳಿಬಿದ್ದದ್ದು. ಎರಡು ಬದಿಯ ದವಡೆಹಲ್ಲುಗಳ ನಡುವೆ ಕಡ್ಡಿಯೋ ಮೂಳೆ ಚೂರೋ ಅಡ್ಡ ಸಿಕ್ಕಿದರೆ ನಾಲಿಗೆಗೆ ಎಟುಕದು. ಅದರ ಸುತ್ತ ಮಾಂಸ ಬೆಳೆದು ಗೆಡ್ಡೆಕಟ್ಟುತ್ತದೆ. ಭಾನುವಾರ ನೋಡಲು ಬಂದವರು ಮಂಡಕ್ಕಿ ಎಸೆದರೆ ಅಷ್ಟೇನಿಲ್ಲ, ಅದರ ಜೊತೆ ಐಸ್‌ಕ್ರೀಂ ಕಡ್ಡಿಯೂ ಒಳಗೆ ಬೀಳುತ್ತದಲ್ಲ, ಅದೇ ಕಷ್ಟ. ಇದು ಸಿಕ್ಕರೆ ಕಿತ್ತು ತೊಳೆದರೆ ಮುಗಿಯಿತು. ಆದರೂ ಸುತ್ತ ಬೆಳೆದ ಮಾಂಸದ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿಯೇಬಿಡಿ.

ಅರಿವಳಿಕೆಗೆ ಮುನ್ನ

ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರ ಪ್ರಾಣಿಯಾದ್ದರಿಂದ ಕಾಗದಪತ್ರ ಮೊದಲು. ಮೃಗಾಲಯದ ಮುಖ್ಯಸ್ಥರ ಮೂಲಕ ಮೃಗಾಲಯ ಪ್ರಾಧಿಕಾರಕ್ಕೆ ಲಿಖಿತ ವರದಿ ಹೋಗಲಿ. ಬೇರೆ ಊರಿಗೆ ಸಾಗಿಸಬೇಕಾಗಿ ಬಂದರೆ ಎಂಬ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಿದರೆ ಮುಂದೆ ಒಂದು ವಾರ ಉಳಿಯುತ್ತದೆ. ಅರಿವಳಿಕೆಗೆ ಬಳಸುವ ಕೆಟಮಿನ್ ಮಾದಕ ವಸ್ತು ಕಾಯ್ದೆಯಡಿ ಬರುವುದರಿಂದ ಪ್ರತಿ ಮಿ.ಲೀ.ಗೂ ಲೆಕ್ಕ ಇಡಬೇಕು.

ಗಟ್ಟಿ ಆಹಾರ 12ರಿಂದ 24 ಗಂಟೆ ಮೊದಲು ನಿಲ್ಲಿಸಿ. ನೀರನ್ನು ಹಿಂದಿನ ರಾತ್ರಿ ತೆಗೆದರೆ ಸಾಕು. ಇಡೀ ದಿನ ನೀರಿಲ್ಲದೆ ಇಟ್ಟರೆ ಬಯಲುಸೀಮೆಯ ಬಿಸಿಲಿಗೆ ಪ್ರಾಣಿ ಬಸವಳಿಯುತ್ತದೆ. ಕೆಲಸ ಬೆಳಿಗ್ಗೆ ಆರಕ್ಕೇ ಶುರುವಾಗಲಿ. ಏಪ್ರಿಲ್ ತಿಂಗಳಲ್ಲಿ ಹತ್ತು ಗಂಟೆಯ ಹೊತ್ತಿಗೆ ತಗಡಿನ ಮಾಡಿನ ಕೆಳಗೆ ಆ ದಟ್ಟ ಕಪ್ಪು ರೋಮದ ಪ್ರಾಣಿಯ ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ತಡವಲ್ಲ.

ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂದು ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಇಂಥ ಕಡೆ ಮುಂಚಿತವಾಗಿ ಮಾತಾಡಿ ಬಾಯಿ ಶಸ್ತ್ರಚಿಕಿತ್ಸಕರೊಬ್ಬರನ್ನೂ ಕೈಯಲ್ಲಿ ಹಿಡಿಯುವ ದಂತ ಎಕ್ಸ್‌ರೇ ಯಂತ್ರವನ್ನೂ ಕೇಳಿ ನೋಡುವುದು ಒಳ್ಳೆಯದು. ಎಲೆ-ಅಡಿಕೆ, ಗುಟ್ಕಾದ ಊರಿನಲ್ಲಿ ಕೆಲಸ ಮಾಡುವವರಿಗೆ ಬಾಯಿ ಕ್ಯಾನ್ಸರ್ ಪುಸ್ತಕದ ವಿಷಯವಲ್ಲ. ಅರಿವಳಿಕೆಯ ಹೊಣೆ ಮಾತ್ರ ಪಶುವೈದ್ಯರದೇ ಆಗಿರಲಿ.

ಮಲಗಿಸುವುದು

ವಯಸ್ಕ ಹೆಣ್ಣು ಸಾಮಾನ್ಯವಾಗಿ 55ರಿಂದ 95 ಕೆ.ಜಿ., ಗಂಡು 80ರಿಂದ 145 ಕೆ.ಜಿ. ತೂಗುತ್ತದೆ. ಅಂದಾಜು ತೂಕಕ್ಕೆ ಡಾರ್ಟ್ (ದೂರದಿಂದ ಹೊಡೆಯುವ ಔಷಧದ ಸೂಜಿ) ತುಂಬಿದರೆ ಒಂದೋ ಕಡಿಮೆಯಾಗಿ ಅರ್ಧ ಎಚ್ಚರ, ಇಲ್ಲವೇ ಜಾಸ್ತಿಯಾಗಿ ಉಸಿರು ಮಂದ. ಬೋನಿನ ಅಡಿಯಲ್ಲಿ ದನದ ತೂಕದ ಪ್ಲಾಟ್‌ಫಾರಂ ಇಟ್ಟು ಹಿಂದಿನ ವಾರವೇ ತೂಗಿಕೊಳ್ಳಿ.

ನಮ್ಮಲ್ಲಿ ಸುಲಭವಾಗಿ ಸಿಗುವ ಜೋಡಿ ಕೆಟಮಿನ್, ಕ್ಸೈಲಜಿನ್. ಕೆ.ಜಿ.ಗೆ ಕೆಟಮಿನ್ 5 ಮಿ.ಗ್ರಾಂ, ಕ್ಸೈಲಜಿನ್ 2 ಮಿ.ಗ್ರಾಂ. 90 ಕೆ.ಜಿ. ಕರಡಿಗೆ 450 ಮಿ.ಗ್ರಾಂ ಮತ್ತು 180 ಮಿ.ಗ್ರಾಂ. ಎರಡೂ ಮಿ.ಲೀ.ಗೆ 100 ಮಿ.ಗ್ರಾಂ ಸಾಂದ್ರತೆಯದಾದರೆ ಒಟ್ಟು 6.3 ಮಿ.ಲೀ. ದನಗಳಿಗೆ ಬಳಸುವ ಮಿ.ಲೀ.ಗೆ 20 ಮಿ.ಗ್ರಾಂನ ಕ್ಸೈಲಜಿನ್ ಹಿಡಿದರೆ ಅದೊಂದೇ 9 ಮಿ.ಲೀ. ಆಗಿ ಎರಡು ಮೂರು ಡಾರ್ಟ್ ಬೇಕಾಗುತ್ತದೆ. ಮೊದಲನೆಯದು ತಗಲಿ ಕರಡಿ ಗಾಬರಿಯಾದ ಮೇಲೆ ಎರಡನೆಯದು ಸರಿಯಾಗಿ ಕೆಲಸ ಮಾಡುವುದಿಲ್ಲ. ಔಷಧ ತರಿಸುವಾಗಲೇ ಸಾಂದ್ರತೆ ನೋಡಿ ತರಿಸಿ. ಜೊಲೆಟಿಲ್, ಮೆಡಿಟೊಮಿಡಿನ್ ಸಿಕ್ಕರೆ ಕೆ.ಜಿ.ಗೆ ಕ್ರಮವಾಗಿ 2 ಮಿ.ಗ್ರಾಂ ಮತ್ತು 0.04 ಮಿ.ಗ್ರಾಂ ಸಾಕು. ಡಾರ್ಟ್ ಚಿಕ್ಕದಾಗುತ್ತದೆ, ನಿದ್ರೆಯೂ ಸಮನಾಗಿರುತ್ತದೆ.

ಸೂಜಿ ಭುಜಕ್ಕೋ ಕತ್ತಿನ ಬುಡಕ್ಕೋ ಬೀಳಲಿ. ಕೊಬ್ಬಿದ ಕರಡಿಯ ಪೃಷ್ಠಕ್ಕೆ ಹೊಡೆದರೆ ಔಷಧ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಉದ್ದ ರೋಮವನ್ನೂ ದಾಟಬೇಕಾದ್ದರಿಂದ ಸೂಜಿ 38 ಮಿ.ಮೀ.ಗಿಂತ ಗಿಡ್ಡವಿರಬಾರದು. ಡಾರ್ಟ್ ಬಿದ್ದ ಮೇಲೆ ಹದಿನೈದು ನಿಮಿಷ ಮಾತು, ಮೊಬೈಲು, ಬಾಗಿಲ ಸದ್ದು ಎಲ್ಲ ಬಂದ್. ತಲೆ ನೆಲಕ್ಕೆ ಬಿದ್ದ ಮೇಲೆ ಉದ್ದ ಕೋಲಿನಿಂದ ಮೊದಲು ಬೆನ್ನು, ಆಮೇಲೆ ಕಿವಿಯ ರೋಮ ಮುಟ್ಟಿ. ಕಿವಿ ಅದುರಿದರೆ ಇನ್ನೂ ಕಾಯಿರಿ. ಕ್ಸೈಲಜಿನ್ ಗುಂಪಿನ ಔಷಧಗಳಲ್ಲಿ ಕರಡಿ ಸತ್ತಂತೆ ಬಿದ್ದಿದ್ದು ಸದ್ದಿಗೆ ಥಟ್ಟನೆ ಎದ್ದು ಕೂರುವುದುಂಟು. ತಲೆ ಎತ್ತಿತು, ನಾಲಿಗೆ ಸುರುಳಿ ಮಾಡಿತು ಎಂದರೆ ಹತ್ತಿರ ಇರುವವರು ಮೊದಲು ಹೊರಗೆ ಹೋಗಬೇಕು, ಆಮೇಲೆ ಹೆಚ್ಚುವರಿ ಔಷಧದ ಮಾತು.

ಬಾಯಿಯ ಕೆಲಸಕ್ಕೆ ಶ್ವಾಸನಾಳದ ಟ್ಯೂಬ್ ಕಡ್ಡಾಯ. ಅದಿಲ್ಲದೆ ರಕ್ತ, ತೊಳೆದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. 12ರಿಂದ 16 ಮಿ.ಮೀ.ವರೆಗಿನ ಟ್ಯೂಬ್‌ಗಳು ಕೈಗೆಟುಕುವಲ್ಲಿರಲಿ. ಗಂಟಲಿಗೆ ಒದ್ದೆ ಗಾಜ್ ಬಟ್ಟೆ (ಗಾಯಕ್ಕೆ ಬಳಸುವ ಜಾಳು ಬಟ್ಟೆ) ತುರುಕಿ ಅದಕ್ಕೆ ದಾರ ಕಟ್ಟಿ ಬಾಯಿಯ ಹೊರಗೆ ಇಳಿಬಿಡಿ. ಎಷ್ಟು ತುಂಡು ಒಳಗಿಟ್ಟಿರಿ ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದಿಡಿ. ಮುಂದೆ ಅರಿವಳಿಕೆಯ ಅನಿಲ ಐಸೊಫ್ಲುರೇನ್ ಶೇ. 1ರಿಂದ 2.5. ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ನಾಲಿಗೆಗೆ ಹಾಕಿದರೆ ಕೆಲಸದ ನಡುವೆ ಜಾರುತ್ತಿರುತ್ತದೆ, ಕಿವಿ ಅಂಚಿಗೆ ಹಾಕಿ. ಶೇ. 90ಕ್ಕಿಂತ ಇಳಿಯಬಾರದು. ಐದು ನಿಮಿಷಕ್ಕೊಮ್ಮೆ ಉಸಿರು, ನಾಡಿ, ಮೈಬಿಸಿ. 40 ಡಿಗ್ರಿ ದಾಟಿದರೆ ತೊಡೆಸಂದಿಗೂ ಕಂಕುಳಿಗೂ ಐಸ್. 41ಕ್ಕೆ ಹೋದರೆ ಯಾವ ಪರೀಕ್ಷೆ ಬಾಕಿಯಿದ್ದರೂ ನಿಲ್ಲಿಸಿ ಎಬ್ಬಿಸುವುದೇ ಸರಿ.

ಮಲಗಿದ ಮೇಲೆ, ಇದೇ ಅನುಕ್ರಮದಲ್ಲಿ

ಎದೆಯ ಎಕ್ಸ್‌ರೇ ಎಲ್ಲಕ್ಕಿಂತ ಮೊದಲು: ಎಡಮಗ್ಗುಲು, ಬಲಮಗ್ಗುಲು, ಅಂಗಾತ, ಹೀಗೆ ಮೂರು. ಒಂದೇ ಮಗ್ಗುಲಿಗೆ ಅರ್ಧ ಗಂಟೆ ಮಲಗಿದರೆ ಕೆಳಗಿನ ಶ್ವಾಸಕೋಶ ಕುಗ್ಗಿ, ಒಳಗಿರುವ ಸಣ್ಣ ಗಂಟು ಕಾಣದೆ ಹೋಗುತ್ತದೆ. ಶ್ವಾಸಕೋಶಕ್ಕೆ ಕ್ಯಾನ್ಸರ್ ಹಬ್ಬಿದ್ದರೆ ದವಡೆ ಕತ್ತರಿಸುವ ಮಾತೇ ಇಲ್ಲ. ಕ್ಷಯದ ಸುಳಿವು ಸಿಗುವುದೂ ಇಲ್ಲೇ.

ಆಮೇಲೆ ರಕ್ತ ತೆಗೆಯಿರಿ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ. ಸೆರೆಯಲ್ಲಿ ವಯಸ್ಸಾದ ಈ ಜಾತಿಯ ಕರಡಿಗಳಿಗೆ ಪಿತ್ತನಾಳ, ಪಿತ್ತಜನಕಾಂಗದ ಕ್ಯಾನ್ಸರ್ ಬರುವುದು ಗೊತ್ತಿರುವ ವಿಷಯ. ಬಾಯಿಯದನ್ನು ಗೆದ್ದು ಹೊಟ್ಟೆಯದಕ್ಕೆ ಸೋತರೆ ಏನು ಪ್ರಯೋಜನ?

ಈಗ ಬಾಯಿ. ತೊಳೆಯುವ ಮೊದಲೊಮ್ಮೆ, ಶೇ. 0.12ರ ಕ್ಲೋರ್‌ಹೆಕ್ಸಿಡಿನ್‌ನಿಂದ ತೊಳೆದ ಮೇಲೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ. ಗಡ್ಡೆಯ ಉದ್ದ, ಅಗಲ, ದಪ್ಪ ಬರೆದುಕೊಳ್ಳಿ. ಬೆರಳಿನಿಂದ ಒತ್ತಿ ನೋಡಿ: ಮೂಳೆಯ ಮೇಲೆ ಜಾರುತ್ತದೆಯೇ, ಅಂಟಿಕೊಂಡಿದೆಯೇ? ಸುತ್ತಲಿನ ಹಲ್ಲು ಅಲುಗಾಡುತ್ತವೆಯೇ? ವಸಡು ಚೆನ್ನಾಗಿದ್ದೂ ಒಂದೇ ಹಲ್ಲು ಅಲುಗಾಡುತ್ತಿದ್ದರೆ ಅದನ್ನು ಸುಮ್ಮನೆ ಕೀಳಬೇಡಿ. ಆ ಕುಳಿಯಿಂದ ಗಡ್ಡೆಯ ಮಾಂಸ ಹೊರಕ್ಕೆ ಉಕ್ಕಿ ಬರುವುದನ್ನು ಹಲ್ಲು ಕಿತ್ತ ಎರಡು ಮೂರು ವಾರದಲ್ಲಿ ನೋಡಬೇಕಾಗುತ್ತದೆ. ನಾಲಿಗೆಯ ಅಡಿ, ಟಾನ್ಸಿಲ್, ಅಂಗುಳದ ಹಿಂಭಾಗ ಮರೆಯದಿರಿ. ಟಾನ್ಸಿಲ್‌ನಲ್ಲಿ ಹುಟ್ಟಿದ ಕ್ಯಾನ್ಸರ್ ವಸಡಿನದಕ್ಕಿಂತ ಬಹಳ ಬೇಗ ಹಬ್ಬುವಂಥದ್ದು, ನಾಯಿಗಳಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ.

ಅಳತೆ ಎರಡು ಸೆಂ.ಮೀ. ಒಳಗಿದ್ದರೆ ಮೊದಲ ಹಂತ, ಎರಡರಿಂದ ನಾಲ್ಕು ಎರಡನೆಯದು, ನಾಲ್ಕು ದಾಟಿದರೆ ಮೂರನೆಯದು. ಮೂಳೆಗೆ ಇಳಿದಿದೆಯೇ ಎಂಬುದನ್ನು ಬೇರೆಯಾಗಿ ಬರೆಯಬೇಕು. ಅದಕ್ಕೆ ದವಡೆಯ ಎಕ್ಸ್‌ರೇ ಬೇಕು. ಆದರೆ ಒಂದು ಮಾತು: ಮೂಳೆಯ ಖನಿಜ ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ಕರಗುವವರೆಗೆ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ‘ಮೂಳೆ ಚೆನ್ನಾಗಿದೆ’ ಎಂಬ ಎಕ್ಸ್‌ರೇ ವರದಿಯನ್ನು ನಂಬಿ ಮೇಲಿಂದ ಕೆರೆದು ತೆಗೆದ ಗಡ್ಡೆ ಮರಳಿ ಬಂದರೆ ಆಶ್ಚರ್ಯಪಡುವಂಥದ್ದೇನಿಲ್ಲ. ಮೇಲ್ದವಡೆಯ ಶಸ್ತ್ರಚಿಕಿತ್ಸೆ ಯೋಜಿಸುವುದಾದರೆ ಸಿ.ಟಿ. ಸ್ಕ್ಯಾನ್‌ಗೆ ಬೇರೆ ದಾರಿಯಿಲ್ಲ.

ಕೆಳದವಡೆಯ ಹಿಂದಿನ ಮೂಲೆಯ ದುಗ್ಧಗ್ರಂಥಿಗಳನ್ನು ಎರಡೂ ಬದಿಯಲ್ಲಿ ಮುಟ್ಟಿ ನೋಡಿ, 22 ಅಥವಾ 23 ಗೇಜ್ ಸೂಜಿಯಿಂದ ಕೋಶ ತೆಗೆದು ಗಾಜಿನ ಮೇಲೆ ಹರಡಿ. ಗ್ರಂಥಿ ಚಿಕ್ಕದಾಗಿಯೇ ಇದೆ ಎಂದು ಬಿಡಬೇಡಿ. ಊದಿದ ಗ್ರಂಥಿಯಲ್ಲಿ ಬರೀ ಸೋಂಕಿರಬಹುದು, ಚಿಕ್ಕದರಲ್ಲಿ ಕ್ಯಾನ್ಸರ್ ಕೋಶ ಕೂತಿರಬಹುದು.

ಚೂರು ತೆಗೆಯುವ ಕ್ರಮ

ಇಡೀ ದಿನದ ಶ್ರಮ ಸಾರ್ಥಕವಾಗುವುದೋ ಹಾಳಾಗುವುದೋ ಇಲ್ಲಿಯೇ. ಬಾಯಿಯ ಗಡ್ಡೆಯ ಮೇಲ್ಪದರ ಕೊಳೆತಿರುತ್ತದೆ. ಅಲ್ಲಿಂದ ತೆಳುವಾಗಿ ಚಿವುಟಿ ಕಳಿಸಿದರೆ ‘ಹುಣ್ಣು, ಉರಿಯೂತ, ಬ್ಯಾಕ್ಟೀರಿಯಾ’ ಎಂಬ ವರದಿ ಬರುತ್ತದೆ. ಅದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರವೂ ಅಲ್ಲ.

ಮೇಲಿನ ಕೊಳೆಯನ್ನು ಒರೆಸಿ ತೆಗೆದು, 6 ಮಿ.ಮೀ. ಪಂಚ್ ಅಥವಾ 15ನೇ ನಂಬರ್ ಬ್ಲೇಡಿನಿಂದ ಆಳವಾಗಿ ಬೆಣೆಯಾಕಾರದ ಚೂರು ತೆಗೆಯಿರಿ. ಬೇರೆ ಬೇರೆ ಜಾಗದಿಂದ ಕನಿಷ್ಠ ಮೂರು ಚೂರು. ಒಂದು ಗಡ್ಡೆಯೂ ಆರೋಗ್ಯವಂತ ವಸಡೂ ಕೂಡುವ ಅಂಚಿನದಾಗಿದ್ದರೆ ಒಳ್ಳೆಯದು. ಆದರೆ ಆ ಅಂಚು ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಹೋಗುವ ಜಾಗದೊಳಗೇ ಇರಬೇಕು. ತುಟಿಯ, ಕೆನ್ನೆಯ ಹೊರಚರ್ಮ ಕೊಯ್ದು ಎಂದೂ ಒಳಹೋಗಬೇಡಿ. ಬ್ಲೇಡು ಹಾದ ದಾರಿಯಲ್ಲೆಲ್ಲ ಕ್ಯಾನ್ಸರ್ ಕೋಶ ಬಿತ್ತಿದಂತಾಗಿ, ಆಮೇಲೆ ಆ ಚರ್ಮವನ್ನೂ ತೆಗೆಯಬೇಕಾಗುತ್ತದೆ. ವಿದ್ಯುತ್ ಕಾಟರಿಯನ್ನು ಚೂರು ತೆಗೆಯುವ ತನಕ ಬಳಸಬಾರದು. ಸುಟ್ಟ ಕೋಶ ಸೂಕ್ಷ್ಮದರ್ಶಕದಲ್ಲಿ ಓದಲು ಬರುವುದಿಲ್ಲ. ರಕ್ತ ಬಂದರೆ ಗಾಜ್ ಬಟ್ಟೆ ಒತ್ತಿ ಐದು ನಿಮಿಷ ಗಡಿಯಾರ ನೋಡಿ ಹಿಡಿಯಿರಿ. ನಡುವೆ ಎತ್ತಿ ಎತ್ತಿ ನೋಡುತ್ತಿದ್ದರೆ ಹೆಪ್ಪುಗಟ್ಟುವುದೇ ಇಲ್ಲ.

ಚೂರುಗಳನ್ನು ಶೇ. 10ರ ತಟಸ್ಥ ಬಫರ್ ಫಾರ್ಮಲಿನ್‌ಗೆ ಹಾಕಿ. ಒಂದು ಪಾಲು ಚೂರಿಗೆ ಹತ್ತು ಪಾಲು ದ್ರವ. ಬಾಯಿ ಅಗಲದ ಡಬ್ಬಿಯೇ ಬೇಕು. ಕಿರಿದು ಕತ್ತಿನ ಬಾಟಲಿಗೆ ತುರುಕಿದ ಮೆತ್ತಗಿನ ಚೂರು ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಬಾಟಲಿ ಒಡೆಯದೆ ಹೊರಬರುವುದಿಲ್ಲ. ಇನ್ನೊಂದು ಚೂರನ್ನು ಫಾರ್ಮಲಿನ್ ತಾಗಿಸದೆ ಶುದ್ಧ ಡಬ್ಬಿಯಲ್ಲಿ ಐಸ್ ಮೇಲಿಡಿ, ಅದು ಬ್ಯಾಕ್ಟೀರಿಯಾ, ಶಿಲೀಂಧ್ರ, ಕ್ಷಯದ ಕಲ್ಚರ್‌ಗೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳಿಸಬೇಡಿ, ಫಾರ್ಮಲಿನ್ ಆವಿ ಸಾಕು ಬ್ಯಾಕ್ಟೀರಿಯಾ ಕೊಲ್ಲಲು.

ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗಕ್ಕೆ ಮೊದಲೇ ಫೋನ್ ಮಾಡಿ ತಿಳಿಸಿ. ಬಸ್ಸಿನ ಪಾರ್ಸೆಲ್‌ನಲ್ಲಿ ಫಾರ್ಮಲಿನ್ ಡಬ್ಬಿ ಸೋರುವುದು ಮಾಮೂಲು. 48 ಗಂಟೆ ಫಾರ್ಮಲಿನ್‌ನಲ್ಲಿ ನೆನೆದ ಮೇಲೆ ಚೂರನ್ನು ಅದೇ ದ್ರವದಲ್ಲಿ ಅದ್ದಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಳಿಸಿದರೆ ಸೋರುವುದಕ್ಕೆ ಏನೂ ಇರುವುದಿಲ್ಲ. ಜೊತೆಗಿನ ಹಾಳೆಯಲ್ಲಿ ಜಾತಿ, ವಯಸ್ಸು, ಗಡ್ಡೆಯ ಜಾಗ, ಅಳತೆ, ಎಷ್ಟು ದಿನದಿಂದ ಇದೆ, ಎಕ್ಸ್‌ರೇಯಲ್ಲಿ ಕಂಡದ್ದು, ಕೊಟ್ಟ ಔಷಧ ಎಲ್ಲ ಇರಲಿ. ‘ಕರಡಿ, ಬಾಯಿ ಗಡ್ಡೆ’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಚುಟುಕಾಗಿ ಬರುತ್ತದೆ.

ಎಬ್ಬಿಸುವ ಮುನ್ನ ಗಂಟಲಿನ ಬಟ್ಟೆ ಎಣಿಸಿ ಹೊರತೆಗೆಯಿರಿ. ಕ್ಸೈಲಜಿನ್‌ಗೆ ಅದರ ಅಮಲು ಇಳಿಸುವ ಯೊಹಿಂಬಿನ್ ಕೆ.ಜಿ.ಗೆ 0.1ರಿಂದ 0.15 ಮಿ.ಗ್ರಾಂ. ಮೆಡಿಟೊಮಿಡಿನ್ ಕೊಟ್ಟಿದ್ದರೆ ಅದರ ಮಿ.ಗ್ರಾಂ ಲೆಕ್ಕದ ಐದು ಪಟ್ಟು ಅಟಿಪಮೆಜೋಲ್. ಕೆಟಮಿನ್ ಕೊಟ್ಟು ಮುಕ್ಕಾಲು ಗಂಟೆಯಾದರೂ ಕಳೆದಿರಬೇಕು. ಬೇಗ ಎಬ್ಬಿಸಿದರೆ ಮೈಯಲ್ಲಿ ಉಳಿದ ಕೆಟಮಿನ್‌ಗೆ ಕರಡಿ ತಲೆ ಬಡಿದುಕೊಳ್ಳುತ್ತದೆ.

ವರದಿ ಬಂದ ಮೇಲೆ

ವರದಿಗೂ ನೀವು ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗದಿದ್ದರೆ ವರದಿಯನ್ನು ಪ್ರಶ್ನಿಸಿ. ಮೂಳೆ ತಿಂದು ಹಾಕಿರುವ ಗಡ್ಡೆಗೆ ‘ಸಾಧಾರಣ ನಾರಿನ ಬೆಳವಣಿಗೆ’ ಎಂದು ಬಂದರೆ ಫೋನ್ ಮಾಡಿ ಎಕ್ಸ್‌ರೇ ಕಳಿಸಿ. ಮೇಲ್ದವಡೆಯ ಫೈಬ್ರೋಸಾರ್ಕೋಮಾ (ನಾರು ಅಂಗಾಂಶದ ಕ್ಯಾನ್ಸರ್) ಸೂಕ್ಷ್ಮದರ್ಶಕದಲ್ಲಿ ಸಾಧುವಾಗಿಯೇ ಕಾಣುತ್ತದೆ, ಬಾಯಲ್ಲಿ ಮಾತ್ರ ನಿರ್ದಯವಾಗಿ ಬೆಳೆಯುತ್ತದೆ. ನಾಯಿಗಳಲ್ಲಿ ಇದರಿಂದ ಮೋಸಹೋದವರು ಬಹಳ.

ವಸಡಿನ ಸ್ಕ್ವಾಮಸ್ (ಮೇಲ್ಪದರದ) ಕೋಶದ ಕ್ಯಾನ್ಸರ್ ಇದ್ದಲ್ಲೇ ಮೂಳೆಯನ್ನು ಕೊರೆಯುತ್ತದೆ, ದೂರಕ್ಕೆ ಹಬ್ಬುವುದು ನಿಧಾನ. ಹಾಗಾಗಿ ಚಿಕ್ಕದಿರುವಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆಗೆ ಒಳ್ಳೆಯ ಅಭ್ಯರ್ಥಿ. ಮೆಲನೋಮದಲ್ಲಿ ಬಾಯಿಯದನ್ನು ಗೆದ್ದರೂ ಶ್ವಾಸಕೋಶದ ಭಯ ಇದ್ದೇ ಇರುತ್ತದೆ. ಇದೆಲ್ಲ ನಾಯಿ, ಬೆಕ್ಕುಗಳ ಅನುಭವದಿಂದ ಎರವಲು ತಂದ ತಿಳಿವಳಿಕೆ. ಕರಡಿಗಳಲ್ಲಿ ಬಿಡಿ ಬಿಡಿ ಪ್ರಕರಣಗಳಷ್ಟೇ ದಾಖಲಾಗಿರುವುದರಿಂದ ಇಷ್ಟೇ ದಿನ ಬದುಕುತ್ತದೆ ಎಂದು ಯಾರಿಗೂ ಲೆಕ್ಕ ಕೊಡಬೇಡಿ.

ಶಸ್ತ್ರಚಿಕಿತ್ಸೆಯೆಂದರೆ ಗಡ್ಡೆಯ ಸುತ್ತ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಮೂಳೆಸಮೇತ ತೆಗೆಯುವುದು. ಸ್ಕ್ವಾಮಸ್‌ಗೆ ಸುತ್ತಲೂ ಕನಿಷ್ಠ ಒಂದು ಸೆಂ.ಮೀ., ಫೈಬ್ರೋಸಾರ್ಕೋಮಾಗೆ ಎರಡು ಅಥವಾ ಹೆಚ್ಚು. ಕೆಳದವಡೆಯ ಮುಂಭಾಗವಾದರೆ ಸಲೀಸು, ಅಂಗುಳದ ಹಿಂಭಾಗವಾದರೆ ಹೆಚ್ಚಿನ ಸಲ ಕೈಹಾಕದಿರುವುದೇ ಮೇಲು. ಕತ್ತರಿಸುವ ಮುನ್ನ ನರಕ್ಕೆ ಮರಗಟ್ಟಿಸುವ ಔಷಧ ಬುಪಿವಕೇನ್ ಕೊಡಿ, ಒಟ್ಟು ಕೆ.ಜಿ.ಗೆ 2 ಮಿ.ಗ್ರಾಂ ಮೀರದಂತೆ. ರಕ್ತಸ್ರಾವದ ಲೆಕ್ಕವನ್ನು ಕಣ್ಣಂದಾಜಿಗೆ ಬಿಡದೆ ಗಾಜ್ ಬಟ್ಟೆಗಳನ್ನು ತೂಕ ಮಾಡಿ. ಒಣ ತೂಕಕ್ಕಿಂತ ಒಂದು ಗ್ರಾಂ ಹೆಚ್ಚೆಂದರೆ ಒಂದು ಮಿ.ಲೀ. ರಕ್ತ. 90 ಕೆ.ಜಿ. ಕರಡಿಯಲ್ಲಿ ಸುಮಾರು 6ರಿಂದ 7 ಲೀಟರ್ ರಕ್ತವಿರುತ್ತದೆ. 600 ಮಿ.ಲೀ. ಹೋಯಿತೆಂದರೆ ಎಚ್ಚರ. ಕೊಡಲು ಇನ್ನೊಂದು ಕರಡಿಯ ರಕ್ತ ಸಿಗುವುದು ಸುಲಭದ ಮಾತಲ್ಲ.

ಹೊಲಿಗೆ ಕರಗುವ ದಾರದ್ದು, ಗಂಟುಗಳು ಒಳಗೆ ಹೂತಿರಬೇಕು, ಹೊಲಿದ ಅಂಚು ಬಿಗಿಯಾಗಿ ಎಳೆದಂತಿರಬಾರದು. ತೆಗೆದ ತುಂಡಿನ ಅಂಚುಗಳಿಗೆ ಬೇರೆ ಬೇರೆ ಬಣ್ಣದ ಶಾಯಿ ಹಚ್ಚಿ ಇಡಿಯಾಗಿಯೇ ಪ್ರಯೋಗಾಲಯಕ್ಕೆ ಕಳಿಸಿ, ಯಾವ ಬದಿಯಲ್ಲಿ ಕ್ಯಾನ್ಸರ್ ಉಳಿದಿದೆ ಎಂದು ಹೇಳಲು ಅವರಿಗೆ ಅದೊಂದೇ ದಾರಿ.

ವಿಕಿರಣ ಚಿಕಿತ್ಸೆಗೆ ಪ್ರತಿ ಸಲವೂ ಅರಿವಳಿಕೆ ಬೇಕು. ಕೀಮೋ ಕೊಟ್ಟರೆ ಮಲ-ಮೂತ್ರದಲ್ಲಿ ಔಷಧ ಹೊರಬಂದು ಬೋನು ತೊಳೆಯುವವರ ಮೈಗೆ ತಾಗುತ್ತದೆ. ಎರಡೂ ಚಿಕ್ಕ ಮೃಗಾಲಯದ ಕೈಮೀರಿದ್ದು.

ಆಮೇಲಿನ ನಾಲ್ಕು ವಾರ

ಹೊಲಿಗೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಮೊದಲ ಹತ್ತು ದಿನದಲ್ಲಿ, ಕಾರಣ ಹೆಚ್ಚಿನ ಸಲ ಊಟದ ರೀತಿ. ಈ ಕರಡಿ ಹೀರುವಾಗ ಬಾಯೊಳಗೆ ಹುಟ್ಟುವ ಸೆಳೆತ ಮೇಲ್ದವಡೆಯ ಹೊಲಿಗೆಯನ್ನೇ ಎಳೆಯುತ್ತದೆ. ಹಾಗಾಗಿ ತೂತಿನ ಮರದ ದಿಮ್ಮಿ, ಜೇನಿನ ಕೊಳವೆ, ಟೈರು, ಕೊಂಬೆ ಎಲ್ಲವನ್ನೂ ನಾಲ್ಕು ವಾರ ಹೊರಗಿಡಿ. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ನೆಕ್ಕುವ ಹದದ ರಾಗಿ ಗಂಜಿ ಕೊಡಿ, ಪೂರ್ತಿ ಆರಿಸಿ, ಗಂಟಿಲ್ಲದಂತೆ ಸೋಸಿ. ಹಾಲು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಅದರಲ್ಲೇ ಅರೆದು ಸೇರಿಸಿ. ದಿನಕ್ಕೆ ಎರಡು ಹೊತ್ತಿನ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಗಂಜಿ ಮೂಗಿನಿಂದ ಬಂದರೆ ಬಾಯಿಗೂ ಮೂಗಿಗೂ ನಡುವೆ ತೂತು ಬಿದ್ದಿದೆ ಎಂದರ್ಥ.

ನೋವಿಗೆ ಮೆಲಾಕ್ಸಿಕಾಂ, ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1, ಮೂತ್ರಪಿಂಡದ ಪರೀಕ್ಷೆ ಚೆನ್ನಾಗಿದ್ದರೆ ಮಾತ್ರ. ಬೆಲ್ಲದಲ್ಲಿ ಮುಚ್ಚಿ ಕೊಟ್ಟರೆ ತಿನ್ನುತ್ತದೆ. ಇದರ ಜೊತೆ ಸ್ಟೀರಾಯ್ಡ್ ಕೂಡದು. ಡೈಕ್ಲೋಫಿನ್ಯಾಕ್ ಹತ್ತಿರವೂ ಸುಳಿಯದಿರಲಿ. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು 2006ರಲ್ಲೇ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷೇಧವಾಗಿದೆ.

ಬಾಯಿ ತೆರೆಯುವ ಅಭ್ಯಾಸವನ್ನು ಹತ್ತು ದಿನ ಬಿಟ್ಟು ಮತ್ತೆ ಶುರುಮಾಡಿ, ವಾರಕ್ಕೊಂದು ಫೋಟೊ, ವಾರಕ್ಕೊಂದು ತೂಕ. ಮೂರು, ಆರು, ಹನ್ನೆರಡನೇ ತಿಂಗಳಲ್ಲಿ ಅರಿವಳಿಕೆ ಕೊಟ್ಟು ಬಾಯಿ, ದುಗ್ಧಗ್ರಂಥಿ, ಎದೆಯ ಎಕ್ಸ್‌ರೇ ಮರುಪರೀಕ್ಷೆ.

ಗುಣವಾಗದು ಎಂದಾದಾಗ

ಸೆರೆಯಲ್ಲಿ ಮೂವತ್ತು ವರ್ಷ ದಾಟುವ ಕರಡಿಗಳಿವೆ. ಅಂಥ ಮುದಿ ಪ್ರಾಣಿಯ ದವಡೆ ಕತ್ತರಿಸಿ ತಿಂಗಳುಗಟ್ಟಲೆ ನರಳಿಸುವುದಕ್ಕಿಂತ ನೋವು ತಗ್ಗಿಸಿ, ಮೆತ್ತಗಿನ ಊಟ ಕೊಟ್ಟು, ಸೋಂಕು ಬಂದಾಗ ಔಷಧ ಕೊಡುತ್ತ ನೋಡಿಕೊಳ್ಳುವುದು ಎಷ್ಟೋ ವಾಸಿ. ಆದರೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ನೋವಿನ ಔಷಧದ ಮೇಲೂ ಎರಡು ದಿನ ಊಟ ಮುಟ್ಟದಿದ್ದರೆ, ತೂಕ ಶೇ. 15ರಷ್ಟು ಇಳಿದರೆ, ಬಾಯಿ ಮುಚ್ಚಲಾಗದಿದ್ದರೆ, ನಿಲ್ಲದ ರಕ್ತ ಬಂದರೆ. ಇವುಗಳಲ್ಲಿ ಒಂದಾದರೂ ಸರಿ, ದಯಾಮರಣದ ಕಡತ ಅಂದೇ ಮೇಲಧಿಕಾರಿಗಳಿಗೆ ಹೋಗಬೇಕು. ಮೊದಲೇ ಬರೆದಿಡದಿದ್ದರೆ ‘ಇನ್ನೊಂದು ವಾರ ನೋಡೋಣ’ ಎಂಬುದಕ್ಕೆ ಕೊನೆಯೇ ಇರುವುದಿಲ್ಲ.

ಸತ್ತ ಮೇಲಿನ ಶವಪರೀಕ್ಷೆ ಕಾನೂನಿನ ಶಾಸ್ತ್ರಕ್ಕಷ್ಟೇ ಮುಗಿಯಬಾರದು. ದವಡೆಯನ್ನು ಗಡ್ಡೆಸಮೇತ ಗರಗಸದಿಂದ ಸೀಳಿ ಮೂಳೆಯೊಳಗೆ ಎಷ್ಟು ದೂರ ಹೋಗಿತ್ತು ಎಂದು ಅಳೆದು ಬರೆಯಿರಿ. ದುಗ್ಧಗ್ರಂಥಿ, ಶ್ವಾಸಕೋಶ, ಪಿತ್ತಜನಕಾಂಗ, ಪಿತ್ತಕೋಶಗಳ ಚೂರು ಫಾರ್ಮಲಿನ್‌ಗೆ ಹೋಗಲಿ, ಆಮೇಲೆ ಕಳೇಬರದ ದಹನ. ಮೊದಲ ಬಯಾಪ್ಸಿಯ, ಅಂದರೆ ಪರೀಕ್ಷೆಗೆ ಕಳಿಸಿದ ಚೂರುಗಳನ್ನು ಹುದುಗಿಸಿಟ್ಟ, ಮೇಣದ ತುಂಡುಗಳನ್ನು ಎಸೆಯದಂತೆ ಪ್ರಯೋಗಾಲಯಕ್ಕೆ ಪತ್ರ ಬರೆದಿಡಿ. ಮುಂದಿನ ಕರಡಿಯ ಚೂರು ಓದುವವರಿಗೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.